ಬಸಿದ ಕಟ್ಟು ಚೆಲ್ಲಬೇಡಿ

ನಮ್ಮದು ಮಂಡ್ಯ ಕಡೆ. ಬೆಂಗಳೂರಿಗೆ ಬಂದು 13 ವರ್ಷ ಆಯಿತು. ಮನೆಯಲ್ಲಿ ನಾನು, ಹೆಂಡತಿ, ಇಬ್ಬರು ಮಕ್ಕಳು. ಮೂರು ವರ್ಷದ ಹಿಂದೆ ಹೆಂಡತಿಗೆ ಸಂಜೆ ಪಾಳಿ ಬಂತು, ರಾತ್ರಿ ಅಡುಗೆ ನನ್ನ ಪಾಲಿಗೆ ಬಂತು. ಮೊದಲ ತಿಂಗಳು ಅನ್ನ ಇಟ್ಟು, ಉಳಿದದ್ದನ್ನೆಲ್ಲ ಮೊಬೈಲಲ್ಲಿ ಆರ್ಡರ್ ಮಾಡಿದೆ. ತಿಂಗಳ ಕೊನೆಗೆ ಕೂತು ಲೆಕ್ಕ ಹಾಕಿದರೆ ಬರೀ ಊಟ ತರಿಸಿದ್ದಕ್ಕೆ 6,400 ರೂಪಾಯಿ ಹೋಗಿತ್ತು. ಮಗಳ ಸ್ಕೂಲ್ ವ್ಯಾನಿಗೆ ಅಷ್ಟು ಕೊಡುತ್ತಿರಲಿಲ್ಲ.

ಹಾಗಾಗಿ ಮನೆಯಲ್ಲೇ ಅಡುಗೆ ಅಂತ ಶುರು ಮಾಡಿದೆ. ಆದರೆ ದುಡ್ಡು ಉಳಿಸಬೇಕು ಅನ್ನೋ ಆತುರದಲ್ಲಿ ಎಣ್ಣೆ ಕಮ್ಮಿ, ಕಾಯಿ ಇಲ್ಲ, ಬೆಳ್ಳುಳ್ಳಿ ಎರಡೇ ಎಸಳು. ಬೇಳೆ ಸಾರು ನೀರಾಗಿತ್ತು. ಮಕ್ಕಳು ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದರು. ಒಂಬತ್ತು ಗಂಟೆಗೆ ಮತ್ತೆ ಹಸಿವು, ಮತ್ತೆ ಆರ್ಡರ್. ಅಡುಗೆ ಮಾಡಿದ ಖರ್ಚೂ ಆಯಿತು, ಹೊರಗಿನದೂ ಆಯಿತು. ಒಗ್ಗರಣೆಯಲ್ಲಿ ಉಳಿಸಲು ಹೋದರೆ ಊಟವೇ ದಂಡ ಅಂತ ಆವತ್ತು ಗೊತ್ತಾಯಿತು. ಹಾಗಾದರೆ ಉಳಿಸುವುದು ಎಲ್ಲಿ?

ಅದನ್ನು ಹೇಳಿದ್ದು ನಮ್ಮ ಅವ್ವ. ಒಂದು ಸಂಜೆ ಫೋನಿನಲ್ಲಿ ಏನಡುಗೆ ಅಂದರು. ಸೊಪ್ಪು, ಬೇಳೆ ಬೇಯಿಸಿ ಪಲ್ಯ ಮಾಡಿದ್ದೀನಿ, ಸಾರಿಗೆ ಏನೂ ಇಲ್ಲ ಅಂದೆ. "ಬೇಯ್ಸಿದ್ ನೀರ್ ಏನ್ ಮಾಡ್ದೆ ಮಗಾ?" ಅಂದರು. ಸಿಂಕಿಗೆ ಸುರಿದೆ ಅಂದೆ. "ಸಾರೇ ಚೆಲ್ಬುಟ್ಟಲ್ಲೋ!" ಅಂದರು. ಊರಲ್ಲಿ ವಾರಕ್ಕೆ ಮೂರು ದಿನ ಬಸ್ಸಾರು ತಿಂದು ಬೆಳೆದವನು ನಾನು. ಅದು ಆ ಬಸಿದ ನೀರಿಂದಲೇ ಆಗೋದು ಅಂತ ಅಲ್ಲಿಯವರೆಗೆ ಯೋಚನೆ ಮಾಡಿರಲಿಲ್ಲ.

ಈಗ ನಾನು ಮಾಡುವ ರೀತಿ ಹೀಗೆ. ಒಂದು ಲೋಟ ತೊಗರಿಬೇಳೆ, ಆರು ಲೋಟ ನೀರು, ಬಾಯಿ ತೆರೆದ ಪಾತ್ರೆ. ಕುಕ್ಕರ್ ಬೇಡ, ಬೇಳೆ ಕರಗಿ ಹೋಗುತ್ತೆ. ಒಂದು ಬೇಳೆ ತೆಗೆದು ಬೆರಳಲ್ಲಿ ಒತ್ತಿದರೆ ಒಡೆಯಬೇಕು, ಹಿಟ್ಟಾಗಬಾರದು. ಆ ಹದಕ್ಕೆ ಎರಡು ಕಂತೆ ಸಬ್ಬಸಿಗೆ ಅಥವಾ ದಂಟಿನ ಸೊಪ್ಪು ಹೆಚ್ಚಿ ಹಾಕಿ, ಉಪ್ಪು ಹಾಕಿ, ಐದಾರು ನಿಮಿಷ. ಆಮೇಲೆ ಜರಡಿ ಬಟ್ಟಲಲ್ಲಿ ಬಸಿಯುವುದು. ಕೆಳಗೆ ಇಳಿಯುವ ತಿಳಿಹಸಿರು ನೀರೇ ಕಟ್ಟು.

ಒಂದು ದೊಡ್ಡ ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿಯನ್ನು ಸ್ವಲ್ಪ ಎಣ್ಣೆಯಲ್ಲಿ ಅಂಚು ಕಪ್ಪಾಗುವವರೆಗೆ ಹುರಿಯುತ್ತೇನೆ. ಇಲ್ಲಿ ಅವಸರ ಮಾಡಬೇಡಿ, ಬಸ್ಸಾರಿನ ಘಮ ಇಲ್ಲಿಂದಲೇ ಬರೋದು. ಅದಕ್ಕೆ ಅರ್ಧ ಚಮಚ ಜೀರಿಗೆ, ಹತ್ತು ಕಾಳು ಮೆಣಸು, ಎರಡು ಚಮಚ ಸಾರಿನ ಪುಡಿ, ಒಂದು ಹಿಡಿ ಕಾಯಿತುರಿ, ಹುಣಸೆಹಣ್ಣು. ಜೊತೆಗೆ ಬಸಿದ ಬೇಳೆ ಸೊಪ್ಪಿನಲ್ಲೇ ಒಂದು ಸೌಟು. ನುಣ್ಣಗೆ ರುಬ್ಬಿ ಕಟ್ಟಿಗೆ ಹಾಕಿ ಕುದಿಸುವುದು, ಮೇಲೆ ಸಾಸಿವೆ, ಕರಿಬೇವಿನ ಒಗ್ಗರಣೆ. ಉಳಿದ ಬೇಳೆ ಸೊಪ್ಪಿಗೆ ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಒಂದೇ ಸಲ ಬೇಯಿಸಿದ್ದು, ಎರಡು ಅಡುಗೆ. ಗ್ಯಾಸೂ ಉಳಿಯಿತು ಅಲ್ವಾ.

ಮುದ್ದೆಯೂ ಸೇರಿ ನಾಲ್ಕು ಜನಕ್ಕೆ ನನಗೆ ಬೀಳುವ ಖರ್ಚು 100ರಿಂದ 120 ರೂಪಾಯಿ. ಸಾರು ಮಾರನೇ ದಿನಕ್ಕೂ ಉಳಿಯುತ್ತೆ. ಬಸ್ಸಾರು ಮಾರನೇ ದಿನ ಇನ್ನೂ ರುಚಿ, ಇದನ್ನು ಮಂಡ್ಯದವರಿಗೆ ಹೇಳಬೇಕಾಗಿಲ್ಲ.

ಸಾರಿನ ಪುಡಿ ಮಾತ್ರ ಅಂಗಡಿಯಿಂದ ತರುವುದಿಲ್ಲ. ನಾಲ್ಕು ತಿಂಗಳಿಗೊಮ್ಮೆ ಅರ್ಧ ಕೆಜಿ ಧನಿಯಾ, ಕಾಲು ಕೆಜಿ ಬ್ಯಾಡಗಿ, 150 ಗ್ರಾಂ ಗುಂಟೂರು ಮೆಣಸಿನಕಾಯಿ, 50 ಗ್ರಾಂ ಜೀರಿಗೆ, ಅಷ್ಟೇ ಕಾಳುಮೆಣಸು, ಒಂದೆರಡು ಚಮಚ ಮೆಂತ್ಯ, ಒಂದು ಅರಿಶಿನದ ಕೊಂಬು. ಬಿಸಿಲಿಗೆ ಹಾಕಿ, ಬೇರೆ ಬೇರೆಯಾಗಿ ಹುರಿದು, ಗಿರಣಿಗೆ ಕೊಟ್ಟು ಬರುತ್ತೇನೆ. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಇದಕ್ಕೆ ದುಡ್ಡು ಹಾಕಲು ನಾನು ಹಿಂದೆ ಮುಂದೆ ನೋಡುವುದಿಲ್ಲ. ಒಳ್ಳೆ ಪುಡಿ ಇದ್ದರೆ ಅಗ್ಗದ ತರಕಾರಿಯೂ ಸೊಗಸಾಗಿ ಸಾರಾಗುತ್ತೆ.

ಒಂದು ತಪ್ಪು ಹೇಳಲೇಬೇಕು. ಹುರುಳಿಕಾಳು ಅಗ್ಗಕ್ಕೆ ಸಿಕ್ಕಿತು ಅಂತ ಒಂದೇ ಸಲ 10 ಕೆಜಿ ತಂದೆ. ಮಳೆಗಾಲ. ಒಣಗಿಸದೆ ಹಾಗೇ ಡಬ್ಬಕ್ಕೆ ತುಂಬಿದೆ. ಎರಡು ತಿಂಗಳಿಗೆ ಮುಚ್ಚಳ ತೆಗೆದರೆ ಕಾಳೆಲ್ಲ ತೂತು, ಡಬ್ಬದ ತಳದಲ್ಲಿ ಪುಡಿ, ಹುಳ ಹರಿದಾಡುತ್ತಿದ್ದವು. ಅರ್ಧಕ್ಕಿಂತ ಜಾಸ್ತಿ ಎಸೆದೆ. ಅನ್ನ ಎಸೆದ ಹಾಗೆ ಸಂಕಟ ಆಯಿತು. ಈಗ ಎರಡು ಕೆಜಿ ಮೀರಿ ತರುವುದಿಲ್ಲ. ಎರಡು ಬಿಸಿಲು ಕಾಯಿಸಿ, ಪೂರ್ತಿ ಆರಿದ ಮೇಲೆ ಒಣಗಿದ ಬೇವಿನ ಎಲೆ ಹಾಕಿ ಇಡುತ್ತೇನೆ.

ಹುರುಳಿಯನ್ನು ರಾತ್ರಿ ನೆನೆಸಿ, ಬೆಳಗ್ಗೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಡುವುದು. ಮಾರನೇ ದಿನಕ್ಕೆ ಮೊಳಕೆ. ಕಾಲು ಕೆಜಿ ನೆನೆಸಿದರೆ ಮೊಳಕೆ ಬರುವ ಹೊತ್ತಿಗೆ ಪಾತ್ರೆ ತುಂಬಾ ಆಗಿರುತ್ತೆ. ಇದರ ಕಟ್ಟು ಸೊಪ್ಪಿನದಕ್ಕಿಂತ ಗಟ್ಟಿ, ಬಣ್ಣವೂ ಕಂದು. ಹುರುಳಿ ಬಸ್ಸಾರು, ಬಿಸಿ ಮುದ್ದೆ ಇದ್ದ ದಿನ ಚಿಕ್ಕವನು ಮಾತಾಡದೆ ಉಣ್ಣುತ್ತಾನೆ.

ಕಾಯಿ ಬೆಲೆ ಏರಿದಾಗ ಮೊದಲು ಕೈ ಕಟ್ಟಿದ ಹಾಗಾಯಿತು. ಆಮೇಲೆ ಸಾರಿಗೆ ಕಾಯಿ ಅರ್ಧ ಮಾಡಿ, ಬೇಯಿಸಿದ ಕಾಳನ್ನು ಎರಡು ಸೌಟು ರುಬ್ಬಿ ಹಾಕಿದೆ. ವ್ಯತ್ಯಾಸ ಗೊತ್ತಾಗಲಿಲ್ಲ. ಚಟ್ನಿಗೆ ಹುರಿಗಡಲೆ, ಕಡಲೆಕಾಯಿ ಬೀಜ ಸೇರಿಸಿದರೆ ಒಂದು ಹೋಳು ಕಾಯಿ ಎರಡು ದಿನಕ್ಕೆ ಬರುತ್ತೆ. ಹೀರೆಕಾಯಿ ಸಿಪ್ಪೆಯಂತೂ ಎಸೆಯಲೇಬೇಡಿ. ಎಣ್ಣೆಯಲ್ಲಿ ಬಾಡಿಸಿ, ಹುಣಸೆ, ಒಣಮೆಣಸಿನಕಾಯಿ, ಹುರಿದ ಉದ್ದಿನಬೇಳೆ ಹಾಕಿ ರುಬ್ಬಿದರೆ ಒಂದು ಚಟ್ನಿ. ಕಲ್ಲಂಗಡಿಯ ಬಿಳಿ ಭಾಗ ದೋಸೆ ಹಿಟ್ಟಿಗೆ. ಉಳಿದ ಅನ್ನ ಬೆಳಗ್ಗೆ ಚಿತ್ರಾನ್ನ, ಅದು ಎಲ್ಲರ ಮನೆಯಲ್ಲೂ ಇರುವುದೇ.

ಸೊಪ್ಪು ತರಲು ಸಂಜೆ ಏಳರ ಮೇಲೆ ಹೋಗುತ್ತೇನೆ. ಮಾರುವ ಅಕ್ಕ ಗಾಡಿ ಖಾಲಿ ಮಾಡುವ ಹೊತ್ತು, ಒಂದು ಕಂತೆ ರೇಟಿಗೆ ಎರಡು ಕೊಡುತ್ತಾರೆ. ಆದರೆ ಚೌಕಾಸಿ ಮಾಡಿ ಸುಮ್ನೆ ಅವರ ಹೊಟ್ಟೆಗೆ ಹೊಡೆಯಬಾರದು. ಅವರಾಗಿ ಇಳಿಸಿದ ಬೆಲೆ ಸಾಕು.

ಡಿಸೆಂಬರ್ ಬಂತು ಅಂದರೆ ಅವರೆಕಾಯಿ. ಸೊಗಡಿರುವ ಕಾಯಿ ಬೇಕು, ಕೈಗೆ ಜಿಡ್ಡು ಜಿಡ್ಡಾಗಿ ಅಂಟಬೇಕು. ಸುಗ್ಗಿಯಲ್ಲಿ ಬೆಲೆ ಇಳಿದಾಗ ಭಾನುವಾರ ಐದು ಕೆಜಿ ತಂದು ಸುಲಿದು, ಕಾಳು ನೆನೆಸುತ್ತೇವೆ. ಆವತ್ತು ಹೆಂಡತಿಗೂ ರಜೆ. ನಾಲ್ಕೂ ಜನ ಬಟ್ಟಲು ಸುತ್ತ ಕೂತು ಹಿತಕುತ್ತೇವೆ. ಬೇಳೆ ಸಿಪ್ಪೆಯಿಂದ ಚಿಮ್ಮಿ ಎಲ್ಲೆಲ್ಲೋ ಹಾರುತ್ತೆ. ಚಿಕ್ಕವನು ಮಂಚದ ಕೆಳಗೆ ನುಗ್ಗಿ ಒಂದೊಂದನ್ನೂ ಹುಡುಕಿ, ತೊಳೆದು ತಂದು ಬಟ್ಟಲಿಗೆ ಹಾಕುತ್ತಾನೆ.