ಎಲುಬುಗಳ ಕುಣಿತಕ್ಕೆ ತಾಳ ಹಾಕುತ್ತಾ

‘ದ ಸ್ಕೆಲಿಟನ್ ಡಾನ್ಸ್’ ಮೊದಲ ಸಲ ನೋಡಿದಾಗ ನನಗೆ ಬೇಸರವೇ ಆಗಿತ್ತು. ಡಿಸ್ನಿಯವರು 1929ರಲ್ಲಿ ಮಾಡಿದ ಐದೂವರೆ ನಿಮಿಷದ ಕಪ್ಪುಬಿಳುಪು ಕಾರ್ಟೂನ್ ಅದು. ಸ್ಮಶಾನ, ಗೂಬೆ, ಜಗಳಕ್ಕೆ ನಿಂತ ಎರಡು ಬೆಕ್ಕು, ನಾಲ್ಕು ಅಸ್ಥಿಪಂಜರಗಳ ಕುಣಿತ, ಕೋಳಿ ಕೂಗಿದೊಡನೆ ಎಲ್ಲ ಗೋರಿಯೊಳಕ್ಕೆ. ಕತೆ ಅಂತ ಇರುವುದು ಇಷ್ಟೇ. ಅದರಲ್ಲೂ ಬರೆದ ಚಿತ್ರಗಳನ್ನೇ ಮತ್ತೆ ಮತ್ತೆ ಓಡಿಸಿದ್ದಾರೆ. ದುಡ್ಡು ಉಳಿಸಲು ಹೀಗೆ ಮಾಡಿದ್ದಾರೆ ಅಂದುಕೊಂಡು ಸುಮ್ಮನಾಗಿದ್ದೆ.

ನನ್ನ ಕಸುಬು ವಿಡಿಯೊ ಎಡಿಟಿಂಗ್. ಚಿಕ್ಕಂದಿನಲ್ಲಿ ನಾಲ್ಕು ವರ್ಷ ಮೃದಂಗ ಕಲಿತಿದ್ದೆ. ಒಂದು ಸಂಜೆ ಮಗಳಿಗೆಂದು ಅದೇ ಕಾರ್ಟೂನ್ ಹಾಕಿದಾಗ ನನ್ನ ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕತೊಡಗಿತು. ಹೆಜ್ಜೆ ಇಡುವುದು, ಮಂಡಿ ಬಾಗುವುದು, ತಲೆಬುರುಡೆ ತಿರುಗುವುದು, ಎಲ್ಲವೂ ನನ್ನ ಪೆಟ್ಟಿಗೆ ಸರಿಯಾಗಿ ಬಂದು ಬೀಳುತ್ತಿತ್ತು. ಮರುಕಳಿಸುವ ಕುಣಿತ ಆಗ ಪಲ್ಲವಿಯಂತೆ ಕೇಳಿಸಿತು. ಪಲ್ಲವಿ ತಿರುಗಿ ಬಂತೆಂದು ಯಾರಾದರೂ ಹಾಡುಗಾರರನ್ನು ದೂರುತ್ತಾರೆಯೇ?

ಮಾತಿನ ಚಿತ್ರಗಳಲ್ಲಿ ಫಿಲ್ಮ್ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ, ಓಡುತ್ತದೆ. ಹನ್ನೆರಡು ಫ್ರೇಮಿಗೊಂದು ಪೆಟ್ಟು ಎಂದಿಟ್ಟುಕೊಂಡರೆ ನಿಮಿಷಕ್ಕೆ 120 ಪೆಟ್ಟು. ಲಯ ಹೀಗೆ ಲೆಕ್ಕಕ್ಕೆ ಸಿಕ್ಕಿದರೆ ಯಾವ ಪೆಟ್ಟಿಗೆ ಯಾವ ಚಿತ್ರ ಎಂದು ಬರೆಯುವ ಮೊದಲೇ ಗೊತ್ತುಮಾಡಬಹುದು. ಡಿಸ್ನಿಯವರದೇ ಆದ 1928ರ ಕಾರ್ಟೂನ್ ‘ಸ್ಟೀಮ್‌ಬೋಟ್ ವಿಲ್ಲಿ’ಗೆ ಅಲ್ಲಿನ ವಿಲ್ಫ್ರೆಡ್ ಜಾಕ್ಸನ್ ಮೆಟ್ರೊನೋಮ್ (ಟಿಕ್ ಟಿಕ್ ಎಂದು ಲಯ ತೋರಿಸುವ ಯಂತ್ರ) ಇಟ್ಟುಕೊಂಡು ಮಾಡಿದ್ದು ಇದನ್ನೇ. ಆದರೂ ನ್ಯೂಯಾರ್ಕಿನಲ್ಲಿ ಮೊದಲ ಸಲ ಧ್ವನಿಮುದ್ರಣಕ್ಕೆ ಕೂತಾಗ ವಾದ್ಯವೃಂದ ಚಿತ್ರದ ಜೊತೆ ಹೊಂದಲಿಲ್ಲ. ಆಮೇಲೆ ಫಿಲ್ಮಿನ ಮೇಲೆಯೇ ಪುಟಿಯುವ ಚೆಂಡೊಂದನ್ನು ಮೂಡಿಸಿ, ಅದನ್ನು ನೋಡುತ್ತಾ ನುಡಿಸಿ ಗೆದ್ದರು. ನನ್ನ ಗುರುಗಳ ಬೆರಳು ನೋಡಿಕೊಂಡು ನಾನು ನುಡಿಸುತ್ತಿದ್ದ ದಿನಗಳು ನೆನಪಾದವು.

ಅಂದಿನಿಂದ ಪ್ರತಿ ಕಾರ್ಟೂನನ್ನೂ ಮೂರು ಸಲ ನೋಡುತ್ತೇನೆ. ಮೊದಲು ಕಣ್ಣುಮುಚ್ಚಿ ಬರೀ ಕೇಳುತ್ತೇನೆ. ಆಮೇಲೆ ಸದ್ದು ನಿಲ್ಲಿಸಿ ನೋಡುತ್ತೇನೆ. ಸದ್ದಿಲ್ಲದಿದ್ದರೂ ಸಂಗೀತ ಎಲ್ಲಿ ಎತ್ತುಗಡೆಯಾಗುತ್ತದೆ ಎಂದು ಮೈಗಳ ಏರಿಳಿತದಿಂದಲೇ ತಿಳಿಯುತ್ತದೆ. ಮೂರನೆಯ ಸಲ ಎರಡನ್ನೂ ಸೇರಿಸಿ, ತಾಳ ಹಾಕುತ್ತಾ. ಒಂದು ಅಸ್ಥಿಪಂಜರ ಇನ್ನೊಂದರ ಬೆನ್ನುಮೂಳೆಯನ್ನು ಕಾಷ್ಠತರಂಗದಂತೆ (ಕ್ಸೈಲೊಫೋನ್) ಬಾರಿಸುವ ಜಾಗಕ್ಕೆ ಬಂದಾಗ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಆ ಎಲುಬುಗಳನ್ನು ಬಹುಪಾಲು ಬರೆದವರು ಡಿಸ್ನಿಯ ಚಿತ್ರಕಾರ ಅಬ್ ಐವರ್ಕ್ಸ್ ಒಬ್ಬರೇ. ಸಂಗೀತ ಕಾರ್ಲ್ ಸ್ಟಾಲಿಂಗ್ ಅವರದು. ಇಂಥದೊಂದು ಚಿತ್ರ ಮಾಡೋಣವೆಂದು ಹೇಳಿದವರೂ ಅವರೇ.

ಕಾರ್ಟೂನುಗಳ ಪ್ರತಿಗಳನ್ನು ಆರಿಸುವಾಗ ನಾನೊಮ್ಮೆ ಮೋಸಹೋದೆ. ಕೊಂಡುತಂದ ಒಂದು ಡಿವಿಡಿಯಲ್ಲಿ ಎಲ್ಲವೂ ಅವಸರದಲ್ಲಿತ್ತು, ಶ್ರುತಿ ಸ್ವಲ್ಪ ಮೇಲಕ್ಕೆ ಹೋಗಿತ್ತು. ನೋಡಿದರೆ 24 ಫ್ರೇಮನ್ನು 25ಕ್ಕೆ ಏರಿಸಿ ಓಡಿಸಿದ್ದರು. ವ್ಯತ್ಯಾಸ ಶೇಕಡ ನಾಲ್ಕೇ, ಆದರೆ ಲಯ ಅರಿತವರಿಗೆ ಅದು ಹಿಂಸೆ. ಬಣ್ಣ ಹಚ್ಚಿದ, ಹೊಸ ಸಂಗೀತ ಕೂಡಿಸಿದ ಪ್ರತಿಗಳನ್ನಂತೂ ಮುಟ್ಟಲೇಬೇಡಿ.

ಅದೇ ಕಾಲದಲ್ಲಿ ಡಿಸ್ನಿಗೆ ಪೈಪೋಟಿಯಾಗಿದ್ದ ಫ್ಲೈಷರ್ ಸಹೋದರರ ಕಾರ್ಟೂನುಗಳಿಗೆ ಬಂದಾಗ ಕಿವಿಯನ್ನು ಬೇರೆ ಥರ ಹದಗೊಳಿಸಿಕೊಳ್ಳಬೇಕಾಯಿತು. ಅವರ ನಾವಿಕ ಪಾಪೈ ಕಾರ್ಟೂನುಗಳಲ್ಲಿ ಚಿತ್ರ ಬರೆದು ಮುಗಿದ ಮೇಲೆ ಮಾತು ಸೇರಿಸುತ್ತಿದ್ದರು. ಪಾಪೈ ಬಾಯಿ ಅಲ್ಲಾಡಿಸದೆಯೇ ಗೊಣಗುವುದು ಅದಕ್ಕೇ, ಆ ಗೊಣಗಾಟವೇ ನನಗೆ ಬಲು ಇಷ್ಟ. 1932ರ ‘ಮಿನ್ನಿ ದ ಮೂಚರ್’ನಲ್ಲಿ ಜಾಝ್ ಗಾಯಕ ಕ್ಯಾಬ್ ಕ್ಯಾಲೊವೇ ಮೊದಲು ತಾವೇ ಕಾಣಿಸಿಕೊಂಡು ಹೆಜ್ಜೆ ಹಾಕುತ್ತಾರೆ. ಆಮೇಲೆ ಅವರ ಕುಣಿತದ ಫಿಲ್ಮಿನ ಮೇಲೆ ಗೆರೆ ತಿದ್ದಿ ಬರೆದ, ವಾಲ್ರಸ್ (ದಂತವುಳ್ಳ ಕಡಲಪ್ರಾಣಿ) ಭೂತವೊಂದು ಅದೇ ಹೆಜ್ಜೆಗಳಲ್ಲಿ ಕುಣಿಯುತ್ತದೆ. ಮನುಷ್ಯರೊಬ್ಬರ ನಡೆ ದೆವ್ವದ ಮೈಗೆ ಬಂದಾಗ ಆಗುವ ಬೆರಗನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಕಾಲದ ಎಷ್ಟೋ ಕಾರ್ಟೂನುಗಳಲ್ಲಿ ಕರಿಯರನ್ನು ಅಣಕಿಸುವ ಚಿತ್ರಗಳಿವೆ. ನೋಡುವಾಗ ನೋವಾಗುತ್ತದೆ. ಮಗಳಿಗೆ ತೋರಿಸುವ ಮುನ್ನ ನಾನೊಮ್ಮೆ ಪೂರ್ತಿ ನೋಡಿರುತ್ತೇನೆ.

‘ದ ಸ್ಕೆಲಿಟನ್ ಡಾನ್ಸ್’ನ ಕೊನೆಯಲ್ಲಿ ಎಲ್ಲರೂ ಗೋರಿ ಸೇರಿದ ಮೇಲೆ ಎರಡು ಪಾದಗಳಷ್ಟೇ ಹೊರಗೆ ಉಳಿದುಬಿಡುತ್ತವೆ. ಓಡಿಬಂದು ಕಲ್ಲನ್ನು ಒದೆಯುತ್ತವೆ. ಒಳಗಿಂದ ಎಲುಬಿನ ಕೈಯೊಂದು ಚಾಚಿ ಅವನ್ನು ಎಳೆದುಕೊಳ್ಳುತ್ತದೆ. ಮೊನ್ನೆ ಆ ಕೈ ಬರುವ ಮುಂಚೆಯೇ ಮಗಳು ನನ್ನ ತೊಡೆಯ ಮೇಲೊಂದು ಪೆಟ್ಟು ಕೊಟ್ಟು, “ಈಗ ನೋಡಪ್ಪಾ!” ಅಂದಳು.