ಬಿಸಿನೀರಿನ ಸಾಲಿನಲ್ಲಿ ಬಿದ್ದ ಏಟು

ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ಉಳಿದುಕೊಳ್ಳುವ ಪುನರ್ವಸತಿ ಕೇಂದ್ರವೊಂದರಲ್ಲಿ ನಾನು ನರ್ಸ್. ಇಪ್ಪತ್ತೆರಡು ಗಂಡಸರಿಗೆ ಎರಡು ಬಚ್ಚಲುಮನೆ, ಒಂದು ಟಿವಿ. ಹೊಡೆದಾಟವಾದರೆ ಮೊದಮೊದಲು ನಾವು ಕೇಳುತ್ತಿದ್ದದ್ದು "ಹೊಡೆದವರು ಯಾರು?" ಎಂಬುದೊಂದನ್ನೇ. ಆಮೇಲೆ ಇಂಜೆಕ್ಷನ್, ಕಡತದಲ್ಲಿ 'ಉಗ್ರ ಸ್ವಭಾವ' ಎಂಬ ಷರಾ. ಆ ಷರಾ ವರ್ಷಗಟ್ಟಲೆ ಅವರ ಬೆನ್ನು ಬಿಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಬಿಸಿನೀರಿನ ಸಾಲಿನಲ್ಲಿ, ಹಿಂದೆ ಲಾರಿ ಓಡಿಸುತ್ತಿದ್ದ ಒಬ್ಬರು ಮುಂದೆ ನಿಂತಿದ್ದ ವಯಸ್ಸಾದ ಮೇಷ್ಟ್ರ ಹಣೆಗೆ ಸ್ಟೀಲ್ ಚೊಂಬಿನಿಂದ ಹೊಡೆದರು. ಹುಬ್ಬಿನ ಮೇಲೆ ಮೂರು ಹೊಲಿಗೆ ಬಿತ್ತು. ಹೊಡೆದವರು ವಾರದಿಂದ ರಾತ್ರಿಯಿಡೀ ವರಾಂಡದಲ್ಲಿ ಓಡಾಡುತ್ತಿದ್ದರು. ಸಿಟ್ಟು ಏರುತ್ತಿದೆ ಎಂದು ನಾವು ವರದಿ ಮಾಡಿದ್ದೆವು, ಅವರಿಗೆ ಕೊಡುತ್ತಿದ್ದ ಮನೋರೋಗದ ಔಷಧಿ ಹ್ಯಾಲೋಪೆರಿಡಾಲ್‌ನ ಪ್ರಮಾಣವೂ ಏರಿತ್ತು.

ಅಂದು ಅವರೆದುರು ಕುಳಿತಾಗ ನನ್ನ ಕಣ್ಣಿಗೆ ಬಿದ್ದದ್ದು ಅವರ ಪಾದಗಳು. ಕುಳಿತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಿದ್ದರು. ಎದ್ದು ನಿಂತರೆ ಆ ಕಾಲಿನಿಂದ ಈ ಕಾಲಿಗೆ ಭಾರ ಹಾಕುತ್ತಿದ್ದರು. "ಕಾಲೊಳಗೆ ಏನೋ ಕುದಿಯುತ್ತದೆ ಸಿಸ್ಟರ್, ಸಾಲಿನಲ್ಲಿ ನಿಲ್ಲಲು ಆಗುವುದಿಲ್ಲ" ಎಂದರು. ಅದು ಅಕಥೀಸಿಯಾ, ಮನೋರೋಗದ ಔಷಧಿಗಳಿಂದಲೇ ಬರಬಹುದಾದ ಚಡಪಡಿಕೆ. ಅದನ್ನು ಸಿಟ್ಟೆಂದು ತಿಳಿದು ನಾವು ಅದೇ ಔಷಧಿಯನ್ನು ಹೆಚ್ಚಿಸಲು ಕಾರಣರಾಗಿದ್ದೆವು. ಈ ತಪ್ಪು ಇಂದಿಗೂ ನನ್ನನ್ನು ಕೊರೆಯುತ್ತದೆ. ವೈದ್ಯರು ಪ್ರಮಾಣ ಇಳಿಸಿ, ಈ ಚಡಪಡಿಕೆ ತಗ್ಗಿಸುವ ಪ್ರೊಪ್ರನೊಲಾಲ್ ಮಾತ್ರೆ ಕೊಟ್ಟ ಮೇಲೆ, ಹತ್ತು ದಿನಗಳಲ್ಲಿ ಅವರು ಊಟ ಮುಗಿಯುವವರೆಗೂ ಪಂಕ್ತಿಯಲ್ಲಿ ಕುಳಿತರು.

ಅಂದಿನಿಂದ ಒಂದು ನೋಟ್‌ಬುಕ್ ಇಟ್ಟೆ. ಯಾವ ಹೊತ್ತು, ಯಾವ ಜಾಗ, ಅರ್ಧ ಗಂಟೆ ಮುಂಚೆ ಏನು ನಡೆದಿತ್ತು, ಇಷ್ಟನ್ನೇ ಬರೆದೆ. ಮೂರು ತಿಂಗಳ ಪುಟಗಳನ್ನು ತಿರುವಿದಾಗ ಹೆಚ್ಚಿನ ಜಗಳಗಳು ಸ್ನಾನದ ಹೊತ್ತಿನಲ್ಲಿ ಮತ್ತು ನಮ್ಮ ಪಾಳಿ ಬದಲಾಗುವ ಹೊತ್ತಿನಲ್ಲಿ ನಡೆದಿದ್ದವು. ಪಾಳಿ ಒಪ್ಪಿಸುವಾಗ ನಾವೆಲ್ಲರೂ ಕಚೇರಿಯೊಳಗೆ ಸೇರುತ್ತಿದ್ದೆವು, ವರಾಂಡದಲ್ಲಿ ಯಾರೂ ಇರುತ್ತಿರಲಿಲ್ಲ. ಈಗ ಒಬ್ಬರು ಹೊರಗೇ ಇರುತ್ತಾರೆ. ಸ್ನಾನಕ್ಕೆ ನಾಲ್ಕು ನಾಲ್ಕು ಜನರ ಸರದಿ ಮಾಡಿದ್ದೇವೆ.

ಕೋಣೆಯಲ್ಲಿ ಕೂಡಿಹಾಕುವ ಮಾತನ್ನು ಕೆಲವರು ಇನ್ನೂ ಎತ್ತುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಸೆಕ್ಷನ್ ಒಂಟಿಯಾಗಿ ಕೂಡಿಹಾಕುವುದನ್ನು ನಿಷೇಧಿಸಿದೆ. ಕೈಕಾಲು ಕಟ್ಟಿ ತಡೆಯುವುದಕ್ಕೂ ಕಟ್ಟುನಿಟ್ಟಿನ ಮಿತಿ ಹಾಕಿದೆ. ಸಿಬ್ಬಂದಿ ಸಾಲದು ಎಂಬ ಒಂದೇ ಕಾರಣಕ್ಕೆ ಹಾಗೆ ಮಾಡುವಂತಿಲ್ಲ. ಆ ಸಾಲನ್ನು ನಾನು ಎಲ್ಲರಿಗೂ ಓದಿ ಹೇಳಿದ್ದೇನೆ.

ಇಷ್ಟೆಲ್ಲ ಓಡಾಟದಲ್ಲಿ ಏಟು ತಿಂದ ಮೇಷ್ಟ್ರನ್ನು ಎರಡು ದಿನ ನಾವ್ಯಾರೂ ಮಾತನಾಡಿಸಿರಲಿಲ್ಲ. ಅವರು ಸ್ನಾನಕ್ಕೂ ಬಂದಿರಲಿಲ್ಲ. ಹೋಗಿ ಕೇಳಿದರೆ, "ಚೊಂಬಿನ ಸದ್ದು ಕೇಳಿದರೆ ಎದೆ ಹೊಡೆದುಕೊಳ್ಳುತ್ತದಮ್ಮ" ಎಂದರು. ಅವರ ಸರದಿಯನ್ನು ಬೇರೆ ಮಾಡಿ, ಚೊಂಬುಗಳನ್ನು ತೆಗೆದು ಪ್ಲಾಸ್ಟಿಕ್ ಮಗ್ ಇಟ್ಟೆವು. ಮೂರನೇ ವಾರ ಲಾರಿಯವರು ತಾವಾಗಿಯೇ ಒಂದು ಬಕೆಟ್ ಬಿಸಿನೀರು ಹೊತ್ತು ಮೇಷ್ಟ್ರ ಬಾಗಿಲಿಗೆ ಬಂದರು. ಮೇಷ್ಟ್ರು "ಅಲ್ಲೇ ಇಡಿ" ಎಂದರು. ಲಾರಿಯವರು ವರಾಂಡ ದಾಟುವವರೆಗೆ ಕಾದು, ಆಮೇಲೆ ಬಕೆಟ್ ಎತ್ತಿಕೊಂಡರು.