ಕಾಸರಗೋಡಿನ ಸೆಖೆಗೆ ಎಸಿ ಹಾಕಿಸುವ ಮೊದಲು

ಘಟ್ಟದ ಮೇಲಿನಿಂದ ವರ್ಗವಾಗಿ ಇಲ್ಲಿಗೆ ಬರುವವರು ಹೆಚ್ಚಾಗಿ ಜೂನ್ ತಿಂಗಳಲ್ಲಿ ಬರುತ್ತಾರೆ. ಮಳೆ ನೋಡಿ ಖುಷಿಪಡುತ್ತಾರೆ, ಚಂದ್ರಗಿರಿ ಹೊಳೆಯ ಫೋಟೊ ತೆಗೆದು ಊರಿಗೆ ಕಳುಹಿಸುತ್ತಾರೆ. ಏಪ್ರಿಲ್ ನಡುವಿನ ಬಿಸು ಹಬ್ಬ ಹತ್ತಿರ ಬರುವ ಹೊತ್ತಿಗೆ ಅದೇ ಜನ ಫೋನ್ ಮಾಡಿ, ‘ಸಾರ್, ಎಸಿ ಯಾವುದು ಒಳ್ಳೆಯದು?’ ಎಂದು ಕೇಳುತ್ತಾರೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಬಂದವರು, ತೋಟದ ಬೆಳೆಗಳ ಸಂಶೋಧನಾ ಕೇಂದ್ರವಾದ ಸಿಪಿಸಿಆರ್‌ಐಗೆ ಬಂದವರು, ಬ್ಯಾಂಕಿನವರು, ಮದುವೆಯಾಗಿ ಬಂದ ಹೆಣ್ಣುಮಕ್ಕಳು, ಎಲ್ಲರದ್ದೂ ಅದೇ ಪ್ರಶ್ನೆ. ನಾನೂ ಹಾಸನದ ಕಡೆಯವನು. ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು, ಎಸಿ ಮೂರನೆಯದು ನಡೆಯುತ್ತಿದೆ. ಮೊದಲಿನ ಎರಡು ಕೆಟ್ಟದ್ದರಿಂದ ಕಲಿತದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಸೆಖೆ ಎಂಬ ಪದವನ್ನು ಅರ್ಥ ಮಾಡಿಕೊಳ್ಳಿ. ಬಯಲುಸೀಮೆಯವರು ‘ಬಿಸಿಲು ಜಾಸ್ತಿ’ ಎನ್ನುತ್ತಾರೆ, ಕರಾವಳಿಯವರು ‘ಸೆಖೆ’ ಎನ್ನುತ್ತಾರೆ. ಎರಡೂ ಒಂದಲ್ಲ. ಕಲಬುರಗಿಯಲ್ಲಿ ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿ ದಾಟುತ್ತದೆ. ಇಲ್ಲಿ 33, 34ರ ಆಸುಪಾಸಿನಲ್ಲೇ ಇರುತ್ತದೆ, ಆದರೂ ಸ್ನಾನ ಮಾಡಿ ಅಂಗಿ ತೊಡುವಷ್ಟರಲ್ಲಿ ಬೆನ್ನು ಒದ್ದೆ. ಗಾಳಿಯಲ್ಲೇ ಅಷ್ಟು ನೀರಿರುವುದರಿಂದ ಬೆವರು ಆರುವುದಿಲ್ಲ. ಬಳ್ಳಾರಿಯಿಂದ ಬಂದ ನನ್ನ ಸಹೋದ್ಯೋಗಿಯೊಬ್ಬರು ಲಾರಿಯಲ್ಲಿ ದೊಡ್ಡ ಏರ್ ಕೂಲರ್ ತಂದಿದ್ದರು. ಒಂದು ವಾರ ಓಡಿಸಿದರು. ಹಾಸಿಗೆ, ಪುಸ್ತಕ, ಗೋಡೆ ಎಲ್ಲವೂ ಪಸೆಯಾಗಿ ಕೂಲರ್ ಅಟ್ಟ ಸೇರಿತು. ನೀರು ಹೆಚ್ಚಾಗಿರುವ ಗಾಳಿಗೆ ಇನ್ನಷ್ಟು ನೀರು ಸೇರಿಸುವ ಯಂತ್ರಕ್ಕೆ ಈ ಊರಿನಲ್ಲಿ ಕೆಲಸವಿಲ್ಲ.

ಎಸಿ ಮಾಡುವುದು ಅದರ ತದ್ವಿರುದ್ಧ ಕೆಲಸ. ಒಳಗಿನ ತಣ್ಣನೆಯ ಕಾಯಿಲ್‌ಗೆ ತಾಗಿದ ಗಾಳಿಯ ತೇವ ನೀರಾಗಿ ಇಳಿದು ಪೈಪಿನಲ್ಲಿ ಹೊರಗೆ ಹೋಗುತ್ತದೆ. ಒಂದು ಮೇ ತಿಂಗಳ ರಾತ್ರಿ ಆ ಪೈಪಿನ ಕೆಳಗೆ ಹತ್ತು ಲೀಟರಿನ ಬಕೆಟ್ ಇಟ್ಟಿದ್ದೆ. ಬೆಳಗ್ಗೆ ಎದ್ದಾಗ ಅದು ಕಂಠಮಟ್ಟ ತುಂಬಿತ್ತು. ಒಂದು ಲೀಟರ್ ನೀರನ್ನು ಗಾಳಿಯಿಂದ ಹಿಂಡಿ ತೆಗೆಯಲು ಒಂದೂವರೆ ಟನ್‌ನ ಎಸಿ ಪೂರ್ತಿ ಬಲದಲ್ಲಿ ಏಳೆಂಟು ನಿಮಿಷ ದುಡಿಯಬೇಕು. ಅಂದರೆ ನೀವು ಕೊಡುವ ಕರೆಂಟಿನ ದುಡ್ಡಿನಲ್ಲಿ ಒಂದು ಪಾಲು ಗಾಳಿಯನ್ನು ತಂಪು ಮಾಡುವುದಕ್ಕೆ ಹೋಗುವುದೇ ಇಲ್ಲ, ಆ ಬಕೆಟ್ ತುಂಬುವುದಕ್ಕೆ ಹೋಗುತ್ತದೆ. ಇದು ತಲೆಗೆ ಹೋದರೆ ಉಳಿದ ಬುದ್ಧಿಮಾತುಗಳೆಲ್ಲ ತಾವಾಗಿ ಬರುತ್ತವೆ. ಸ್ನಾನದ ಮನೆಯ ಬಾಗಿಲು ತೆರೆದಿಟ್ಟು ಎಸಿ ಹಾಕಬಾರದು. ಮಳೆಗಾಲದಲ್ಲಿ ಒದ್ದೆ ಬಟ್ಟೆಯನ್ನು ಎಸಿ ಕೋಣೆಯಲ್ಲಿ ಹರವಿದರೆ ಬಟ್ಟೆ ಒಣಗುತ್ತದೆ ನಿಜ, ಆದರೆ ಅದು ಊರಿನಲ್ಲೇ ಅತಿ ದುಬಾರಿಯಾದ ಬಟ್ಟೆ ಒಣಗಿಸುವ ವಿಧಾನ. ಹಂಚಿನ ಮನೆಯಲ್ಲಿ ಕೆಳಗೆ ಮುಚ್ಚಿಗೆ ಇಲ್ಲದಿದ್ದರೆ ಎಸಿ ಹಾಕಿಸಲೇಬೇಡಿ; ಹಂಚಿನ ಸಂದಿಯಿಂದ ಹೊರಗಿನ ಪಸೆ ಒಳಗೆ ಬರುತ್ತಲೇ ಇರುತ್ತದೆ, ಬಕೆಟ್ ತುಂಬುತ್ತಲೇ ಇರುತ್ತದೆ.

ದೊಡ್ಡ ಎಸಿ ತಂದರೆ ಬೇಗ ತಂಪಾಗುತ್ತದೆ ಎಂಬ ಆಸೆಯನ್ನೂ ಬಿಡಿ. ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು ಶಾಖವನ್ನು ಹೊರಗೆ ಹಾಕುವ ಸಾಮರ್ಥ್ಯ. ಹತ್ತು ಅಡಿಗೆ ಹನ್ನೆರಡು ಅಡಿಯ ಮಲಗುವ ಕೋಣೆಗೆ ಇಷ್ಟು ಸಾಕು. ಅಂಥ ಕೋಣೆಗೆ ಎರಡು ಟನ್‌ನದ್ದು ಹಾಕಿದರೆ ಐದೇ ನಿಮಿಷದಲ್ಲಿ ತಂಪು ಮಾಡಿ ಕಂಪ್ರೆಸರ್ ನಿಂತುಬಿಡುತ್ತದೆ, ತೇವ ತೆಗೆಯಲು ಸಮಯವೇ ಸಿಗುವುದಿಲ್ಲ. ಕೋಣೆ ಹಳೆಯ ದೇವಸ್ಥಾನದ ಗರ್ಭಗುಡಿಯ ಹಾಗೆ ತಣ್ಣಗೆ ಜಿಗುಟಾಗಿರುತ್ತದೆ. ತಾರಸಿಯ ನೇರ ಕೆಳಗಿನ ಕೋಣೆಯಾದರೆ ಮಾತ್ರ ಒಂದೂವರೆ ಟನ್ ಯೋಚಿಸಿ. ಹಗಲು ಕಾದ ಸ್ಲ್ಯಾಬ್ ರಾತ್ರಿ ಹನ್ನೊಂದರ ತನಕ ಶಾಖ ಇಳಿಸುತ್ತಲೇ ಇರುತ್ತದೆ. ಇಲ್ಲಿನ ಜನ ತಾರಸಿಯ ಮೇಲೆ ತಗಡಿನ ಶೀಟು ಹಾಕಿಸುವುದು ಮಳೆಗೆ ಮಾತ್ರ ಎಂದುಕೊಂಡಿದ್ದೆ. ನಮ್ಮ ಮನೆಗೂ ಹಾಕಿಸಿದ ಮೇಲೆ ಗೊತ್ತಾಯಿತು, ಎಸಿಗೆ ಅದಕ್ಕಿಂತ ಒಳ್ಳೆಯ ಸಹಾಯಕನಿಲ್ಲ.

ಈಗ ಬಿಲ್ಲಿನ ವಿಷಯ. ಕರ್ನಾಟಕದಿಂದ ಬಂದವರು ಎಡವುವುದು ಇಲ್ಲಿಯೇ. ಅಲ್ಲಿನ ಉಚಿತ ಕರೆಂಟಿನ ಗೃಹಜ್ಯೋತಿ ಗಡಿಯ ತಲಪಾಡಿಯ ಆಚೆಗೇ ನಿಂತುಬಿಡುತ್ತದೆ. ಇಲ್ಲಿ ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿ ಮನೆಗಳಿಗೆ ಎರಡು ತಿಂಗಳಿಗೊಮ್ಮೆ ಬಿಲ್ ಕೊಡುತ್ತದೆ. ಮೊದಲ ತಿಂಗಳು ಎಸಿಯನ್ನು ಮನಸ್ಸು ಬಂದಂತೆ ಓಡಿಸಿದರೂ ಎಚ್ಚರಿಸುವವರು ಯಾರೂ ಇರುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು 250 ಯೂನಿಟ್‌ನ ಗೆರೆ. ತಿಂಗಳಿಗೆ 250ರ ಒಳಗೆ, ಅಂದರೆ ಎರಡು ತಿಂಗಳಿಗೆ 500ರ ಒಳಗೆ ಬಳಸಿದರೆ ಮೆಟ್ಟಿಲುಮೆಟ್ಟಿಲಾಗಿ ದರ ಏರುತ್ತದೆ: ಮೊದಲಿನ ಯೂನಿಟ್‌ಗಳಿಗೆ ಕಡಿಮೆ, ಮೇಲಿನವಕ್ಕೆ ಹೆಚ್ಚು. ಆ ಗೆರೆ ದಾಟಿದಿರೋ, ಮೆಟ್ಟಿಲೇ ಇಲ್ಲ. ಮೊದಲ ಯೂನಿಟ್‌ನಿಂದ ಕೊನೆಯದರ ತನಕ ಎಲ್ಲಕ್ಕೂ ಒಂದೇ ಮೇಲಿನ ದರ. ನನ್ನ ಮೊದಲ ಎಸಿಯ ವರ್ಷ ಬಿಲ್ಲಿನಲ್ಲಿ 512 ಯೂನಿಟ್ ಎಂದಿತ್ತು. ಆ ಹನ್ನೆರಡು ಯೂನಿಟ್‌ಗಾಗಿ ಉಳಿದ ಐನೂರಕ್ಕೂ ದಂಡ ತೆತ್ತ ಹಾಗಾಯಿತು. ಅಂದಿನಿಂದ ಬಿಸು ಕಳೆದು ಮೇ ಕೊನೆಯ ಪತ್ತನಾಜೆ ಬರುವ ತನಕ ಪ್ರತಿ ಭಾನುವಾರ ಮೀಟರ್ ಓದಿ ಕ್ಯಾಲೆಂಡರಿನ ಮೂಲೆಯಲ್ಲಿ ಬರೆಯುತ್ತೇನೆ.

ಎಸಿ ಎಷ್ಟು ತಿನ್ನುತ್ತದೆ ಎಂದು ತಿಳಿಯಲು ಅಂಗಡಿಯವನ ಮಾತು ಬೇಡ. ನಕ್ಷತ್ರಗಳ ಲೇಬಲ್ಲಿನಲ್ಲಿ ವರ್ಷದ ಬಳಕೆಯ ಯೂನಿಟ್ ಬರೆದಿರುತ್ತದೆ, ಅದು 1,600 ಗಂಟೆಯ ಲೆಕ್ಕ. 800 ಎಂದಿದ್ದರೆ ಗಂಟೆಗೆ ಸರಾಸರಿ ಅರ್ಧ ಯೂನಿಟ್. ರಾತ್ರಿ ಎಂಟು ಗಂಟೆಯಂತೆ ಎರಡು ತಿಂಗಳಿಗೆ 240. ಫ್ರಿಜ್, ಪಂಪು, ಮಿಕ್ಸಿ ಸೇರಿದರೆ 500 ದೂರವೇನೂ ಅಲ್ಲ. ಲೇಬಲ್ಲಿನ ಇಸವಿಯನ್ನೂ ನೋಡಿ. ನಕ್ಷತ್ರದ ಅಳತೆಗೋಲು ಆಗಾಗ ಬಿಗಿಯಾಗುತ್ತದೆ. 2022ರ ಜುಲೈಯಲ್ಲಿ ಬಿಗಿಯಾದಾಗ ಅಂದಿನ ತನಕ ಐದು ನಕ್ಷತ್ರದ್ದಾಗಿದ್ದ ಯಂತ್ರ ನಾಲ್ಕಕ್ಕೆ ಇಳಿಯಿತು. ಹಳೆಯ ಸ್ಟಾಕನ್ನು ಹಳೆಯ ನಕ್ಷತ್ರದ ಹೆಸರಿನಲ್ಲಿ ದಾಟಿಸುವವರು ಇದ್ದಾರೆ.

ಲೇಬಲ್ ನಂಬದಿದ್ದರೆ ನಿಮ್ಮ ಮೀಟರನ್ನೇ ಕೇಳಿ. ಅದರಲ್ಲಿ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ, ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಮಿಣುಕು ಎಂದು ಅಚ್ಚಾಗಿರುತ್ತದೆ. ನಮ್ಮದರಲ್ಲಿ 3,200. ಮನೆಯ ಉಳಿದದ್ದೆಲ್ಲ ಆರಿಸಿ ಎಸಿ ಮಾತ್ರ ಇಟ್ಟು, ವಾಚು ಹಿಡಿದು ಒಂದು ನಿಮಿಷ ಎಣಿಸಿದೆ. 18 ಡಿಗ್ರಿಗೆ ಇಟ್ಟು ಶುರು ಮಾಡಿದಾಗ ನಿಮಿಷಕ್ಕೆ ಎಂಬತ್ತು, ಅಂದರೆ ಒಂದೂವರೆ ಕಿಲೋವ್ಯಾಟ್. 26ಕ್ಕೆ ಇಟ್ಟು ಒಂದು ಗಂಟೆ ಕಳೆದ ಮೇಲೆ ಎಣಿಸಿದರೆ ಇಪ್ಪತ್ತೈದೂ ಇರಲಿಲ್ಲ. ಹೆಂಡತಿ ಒಳಗಿನಿಂದ, ‘ಮೀಟರಿನ ಮುಂದೆ ನಿಂತು ಜಪ ಮಾಡುತ್ತಿದ್ದೀರಾ?’ ಎಂದಳು.

ಆದ್ದರಿಂದ 26, ಜೊತೆಗೆ ಸೀಲಿಂಗ್ ಫ್ಯಾನ್ ಎರಡರಲ್ಲಿ. ತೇವ ಹೋದ ಗಾಳಿಯಲ್ಲಿ 26 ಡಿಗ್ರಿ ಎಷ್ಟು ಹಿತ ಎಂಬುದನ್ನು ಒಂದು ವಾರ ಮಲಗಿ ನೋಡಿ, ಆಮೇಲೆ ನನ್ನ ಜೊತೆ ವಾದಿಸಿ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ಕರೆಂಟು ಉಳಿಯುತ್ತದೆ ಎಂದು ನಕ್ಷತ್ರದ ಲೇಬಲ್ ಕೊಡುವ ಕೇಂದ್ರ ಸಂಸ್ಥೆ ಬಿಇಇ ಹೇಳುತ್ತದೆ. 2020ರಿಂದ ಬರುವ ನಕ್ಷತ್ರದ ಎಸಿಗಳು ಆನ್ ಮಾಡಿದಾಗ ತಾವಾಗಿ 24ರಲ್ಲಿ ನಿಲ್ಲುವುದೂ ಸರಕಾರದ ನಿಯಮದಿಂದಲೇ. 16ಕ್ಕೆ ಇಳಿಸಿದರೆ ಬೇಗ ತಂಪಾಗುತ್ತದೆ ಎಂಬುದು ಭ್ರಮೆ. ರಿಮೋಟಿನ ಅಂಕೆ ಎಲ್ಲಿ ನಿಲ್ಲಬೇಕು ಎಂದು ಹೇಳುತ್ತದೆಯೇ ಹೊರತು ಎಷ್ಟು ಜೋರಾಗಿ ಓಡಬೇಕು ಎಂದಲ್ಲ. ಮಳೆಗಾಲದಲ್ಲಿ, ಆಟಿ ತಿಂಗಳಲ್ಲಿ ಬೀರುವಿನೊಳಗೆ ಬೂಷ್ಟು ಹಿಡಿಯುವಾಗ, ರಿಮೋಟಿನಲ್ಲಿ ಹನಿಯ ಚಿತ್ರವಿರುವ ಡ್ರೈ ಮೋಡ್ ಒತ್ತಿ. ಚಳಿ ಹಿಡಿಸದೆ ಪಸೆ ತೆಗೆಯುತ್ತದೆ. ಹತ್ತರಲ್ಲಿ ಒಂಬತ್ತು ಮನೆಯವರು ಆ ಗುಂಡಿಯನ್ನು ಒತ್ತಿಯೇ ಇಲ್ಲ. ಸಂಜೆ ಆರರಿಂದ ಹತ್ತರ ನಡುವೆ ಸಾಧ್ಯವಾದಷ್ಟು ತಡೆದುಕೊಳ್ಳಿ. ರಾಜ್ಯಕ್ಕೆಲ್ಲ ಆಗ ಕರೆಂಟಿನ ಎಳೆತ, ಒಳನಾಡಿನ ಬದಿಯಡ್ಕ, ಮುಳ್ಳೇರಿಯದ ಕಡೆಯ ಲೈನುಗಳಲ್ಲಿ ವೋಲ್ಟೇಜ್ ಬಿದ್ದು ಫ್ಯಾನೇ ನಿಧಾನವಾಗುತ್ತದೆ. ಅಂಥ ಮನೆಗೆ ಸ್ಟೆಬಿಲೈಸರ್ ಬೇಕು. ಕರೆಂಟು ಹೋಗಿ ಬಂದರೆ ಮೂರು ನಿಮಿಷ ಬಿಟ್ಟು ಹಾಕಿ. ಇನ್ನೊಂದು ಮಾತು: ‘ಇನ್ವರ್ಟರ್ ಎಸಿ’ ಎಂದರೆ ಬ್ಯಾಟರಿಯಲ್ಲಿ ಓಡುವ ಎಸಿ ಅಲ್ಲ. ಕಂಪ್ರೆಸರಿನ ವೇಗವನ್ನು ಏರಿಸಿ ಇಳಿಸುವ ಎಸಿ ಅಷ್ಟೆ. ಈ ತಪ್ಪು ತಿಳಿವಳಿಕೆಯಿಂದ ಮನೆಯ ಯುಪಿಎಸ್ ಸುಟ್ಟುಕೊಂಡವರಿದ್ದಾರೆ.

ಸುರಕ್ಷತೆಯ ವಿಷಯದಲ್ಲಿ ನಾನು ಸ್ವಲ್ಪ ಕಠಿಣ. ಬಾಡಿಗೆ ಮನೆಯ ಸಾಕೆಟ್ಟಿಗೆ ಎಕ್ಸ್‌ಟೆನ್ಶನ್ ಬಾಕ್ಸ್ ಚುಚ್ಚಿ ಎಸಿ ಓಡಿಸುವವರ ಮನೆಯಲ್ಲಿ ನಾನು ರಾತ್ರಿ ಮಲಗುವುದಿಲ್ಲ. ನಮ್ಮ ಮೊದಲ ಬಾಡಿಗೆ ಮನೆಯಲ್ಲಿ ಒಂದು ಸಂಜೆ ಮೀನು ಹುರಿದು ಕರಟಿದಂಥ ವಾಸನೆ. ಅಡುಗೆಮನೆಯಲ್ಲಿ ಏನೂ ಇರಲಿಲ್ಲ. ಪ್ಲಗ್ ಎಳೆದು ನೋಡಿದರೆ ಸಾಕೆಟ್ಟಿನ ಒಂದು ತೂತು ಸುಟ್ಟ ಹಪ್ಪಳದ ಬಣ್ಣಕ್ಕೆ ತಿರುಗಿತ್ತು, ಪಿನ್ನಿನ ಸುತ್ತ ಪ್ಲಾಸ್ಟಿಕ್ ಕರಗಿ ದಾರದಂತೆ ಎಳೆಯುತ್ತಿತ್ತು. ಒಳಗೆ ಸಡಿಲವಾದ ಒಂದು ಸ್ಕ್ರೂ, ಅಷ್ಟೇ ಕಾರಣ. ಮೀಟರ್ ಬೋರ್ಡಿನಿಂದ ಎಸಿಗೆಂದೇ ಬೇರೆ ಲೈನ್ ಎಳೆಸಿ: ಒಂದೂವರೆ ಟನ್‌ಗೆ 4 ಚದರ ಮಿಲಿಮೀಟರಿನ ತಾಮ್ರದ ವೈರು, ಅದಕ್ಕೆ ಹೊಂದುವ ಎಂಸಿಬಿ (ಲೋಡ್ ಮೀರಿದರೆ ತಾನಾಗಿ ಬೀಳುವ ಸ್ವಿಚ್ಚು), ಮನೆಗೆ 30 ಮಿಲಿ ಆಂಪಿಯರ್ ಕರೆಂಟು ಸೋರಿದರೆ ಕಡಿಯುವ ಇಎಲ್‌ಸಿಬಿ. ಮನೆಯ ಒಟ್ಟು ಲೋಡ್ ಹೆಚ್ಚುವುದಾದರೆ ಕೆಎಸ್‌ಇಬಿಯ ಸೆಕ್ಷನ್ ಆಫೀಸಿಗೂ ತಿಳಿಸಬೇಕು. ಕನೆಕ್ಷನ್ ಮನೆಯ ಯಜಮಾನರ ಹೆಸರಿನಲ್ಲಿರುವುದರಿಂದ ಗೋಡೆಗೆ ತೂತು ಕೊರೆಯುವ ಮಾತನ್ನೂ ಈ ಮಾತನ್ನೂ ಒಟ್ಟಿಗೇ ಮುಗಿಸಿಕೊಳ್ಳಿ.

ಅರ್ತಿಂಗ್ ಬಗ್ಗೆ ಘಟ್ಟದ ಮೇಲಿನವರಿಗೆ ಗೊತ್ತಿರದ ಒಂದು ಸಂಗತಿ ಇದೆ. ಇಲ್ಲಿನ ಪದವುಗಳೆಲ್ಲ, ಅಂದರೆ ಎತ್ತರದ ಬಯಲುಗಳೆಲ್ಲ, ಮುರಕಲ್ಲು (ಜಂಬಿಟ್ಟಿಗೆ). ಮಳೆಗಾಲದಲ್ಲಿ ಸ್ಪಂಜಿನಂತೆ ನೀರು ಕುಡಿಯುವ ಆ ನೆಲ ಮಾರ್ಚ್ ಬಂದರೆ ಒಲೆಯ ಕಲ್ಲಿನಂತೆ ಒಣಗುತ್ತದೆ, ಒಣಗಿದ ನೆಲದಲ್ಲಿ ಅರ್ತ್ ಹಿಡಿಯುವುದಿಲ್ಲ. ಎಸಿ ಹೆಚ್ಚು ಓಡುವ ತಿಂಗಳುಗಳಲ್ಲೇ ಅರ್ತ್ ದುರ್ಬಲ. ಹಳಬರು ಬೇಸಿಗೆಯಲ್ಲಿ ಅರ್ತಿನ ಗುಂಡಿಗೆ ಆಗಾಗ ಒಂದು ಕೊಡ ನೀರು ಹೊಯ್ಯುತ್ತಾರೆ. ನಾನು ಎಸಿಯ ನೀರಿನ ಪೈಪನ್ನೇ ಆ ಗುಂಡಿಗೆ ತಿರುಗಿಸಿದ್ದೇನೆ. ಬೇರೆಲ್ಲಾದರೂ ಬಿಡುವುದಾದರೆ ನಿಲ್ಲದಂತೆ ಬಿಡಿ, ನಿಂತರೆ ಸೊಳ್ಳೆ ಸಾಕಿದ ಹಾಗೆ.

ಸೊಳ್ಳೆಯ ಮಾತು ಬಂದದ್ದರಿಂದ ಹೇಳುತ್ತೇನೆ: ಮುಚ್ಚಿದ ಎಸಿ ಕೋಣೆಯಲ್ಲಿ ಸೊಳ್ಳೆಬತ್ತಿ, ಧೂಪ, ಕೆಂಡ ಯಾವುದೂ ಕೂಡದು. ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ, ಇದ್ದ ಗಾಳಿಯನ್ನೇ ಸುತ್ತಿಸುತ್ತದೆ. ಸೊಳ್ಳೆಪರದೆ ಕಟ್ಟಿ. ಬೆಳಗ್ಗೆ ಎದ್ದ ಕೂಡಲೇ ಕಿಟಕಿ ತೆರೆಯಿರಿ.

ಫಿಲ್ಟರ್ ತೊಳೆಯಲು ಮೆಕ್ಯಾನಿಕ್ ಬೇಡ. ಎಂಸಿಬಿ ಇಳಿಸಿ (ರಿಮೋಟಿನಲ್ಲಿ ಆರಿಸಿದರೆ ಸಾಲದು), ಮುಂದಿನ ಮುಚ್ಚಳ ಎತ್ತಿ, ಜಾಲರಿಯನ್ನು ಸ್ವಲ್ಪ ಮೇಲಕ್ಕೆ ತಳ್ಳಿ ಕೆಳಗೆ ಎಳೆಯಿರಿ. ಹದಿನೈದು ದಿನದಲ್ಲಿ ಅದರ ಮೇಲೆ ಬೂದು ಬಣ್ಣದ ಕಂಬಳಿಯೇ ಕೂತಿರುತ್ತದೆ. ಬೆನ್ನಿನ ಕಡೆಯಿಂದ ನೀರು ಬಿಟ್ಟರೆ ಕಂಬಳಿ ಒಂದೇ ಸುರುಳಿಯಾಗಿ ಕಳಚಿ ಬೀಳುತ್ತದೆ. ಮುಂದಿನಿಂದ ಬಿಟ್ಟರೆ ತೂತುಗಳಿಗೆ ಹೊಕ್ಕುಕೊಳ್ಳುತ್ತದೆ. ನೆರಳಿನಲ್ಲಿ ಒಣಗಿಸಿ, ಬಿಸಿಲಿಗಿಟ್ಟರೆ ಚೌಕಟ್ಟು ಬಾಗುತ್ತದೆ.

ಮೆಕ್ಯಾನಿಕ್ ಬೇಕಾಗುವುದು ಉಳಿದದ್ದಕ್ಕೆ. ಒಬ್ಬ ಸತತ ಎರಡು ವರ್ಷ ಬಂದು ‘ಗ್ಯಾಸ್ ಕಮ್ಮಿಯಾಣ್’ ಎಂದು ತುಂಬಿಸಿ ದುಡ್ಡು ತೆಗೆದುಕೊಂಡು ಹೋದ. ಎಸಿಯ ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವುದಲ್ಲ, ಮುಚ್ಚಿದ ಪೈಪಿನಲ್ಲಿ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಮಲಯಾಳ ಬಾರದಿದ್ದರೂ ಒಂದು ವಾಕ್ಯ ಕಲಿತುಕೊಳ್ಳಿ: ‘ಲೀಕ್ ಎವಿಡೆಯಾಣ್?’ (ಸೋರುವುದು ಎಲ್ಲಿ?) ಸೋರುವ ಜಾಗ ತೋರಿಸಿ, ಮುಚ್ಚಿ, ಆಮೇಲೆ ತುಂಬಿಸಲಿ. ಈಗಿನ ಹೆಚ್ಚಿನ ಯಂತ್ರಗಳಲ್ಲಿರುವ ಆರ್-32 ಬೆಂಕಿ ಹಿಡಿಯಬಲ್ಲದು, ಆರ್-290 ಎಂಬುದಂತೂ ಪ್ರೊಪೇನ್. ಕೆಲಸ ಮಾಡುವಾಗ ಬೀಡಿ ಸೇದಲು ಬಿಡಬೇಡಿ. ಪೈಪಿನ ಒತ್ತಡ ಪರೀಕ್ಷಿಸಲು ನೈಟ್ರೋಜನ್ ಸಿಲಿಂಡರ್ ತರಬೇಕು, ಆಕ್ಸಿಜನ್ ತಂದರೆ ಗೇಟಿನಿಂದಲೇ ಹಿಂದೆ ಕಳುಹಿಸಿ. ಒಳಗಿನ ಎಣ್ಣೆಗೆ ಅದು ಸೇರಿದರೆ ಸ್ಫೋಟವಾಗುತ್ತದೆ.

ಉಪ್ಪಳ, ಕುಂಬಳೆಯಲ್ಲಿ ಕಡಲಿಗೆ ಹತ್ತಿರ ಇರುವವರು ತಾಮ್ರದ ಕಾಯಿಲ್, ಲೇಪನವಿರುವ ಫಿನ್ (ಕಾಯಿಲಿನ ಸುತ್ತಲಿನ ತೆಳು ತಗಡು) ಇರುವುದನ್ನೇ ಕೊಳ್ಳಿ. ಉಪ್ಪುಗಾಳಿ ಅಲ್ಯುಮಿನಿಯಂ ಅನ್ನು ಬಿಳಿ ಪುಡಿ ಮಾಡುತ್ತದೆ. ನನ್ನ ಮೊದಲ ಎಸಿ ಹೋದದ್ದು ಹಾಗೆ. ಎರಡನೆಯದನ್ನು ಕೊಂದದ್ದು ಹೊರಗಿನ ಘಟಕದ ಸರ್ಕ್ಯೂಟ್ ಬೋರ್ಡಿನ ಮೇಲೆ ಮಲಗಿದ್ದ ಒಂದು ಹಲ್ಲಿ. ವೈರು ಹೋಗುವ ತೂತುಗಳನ್ನು ಮುಚ್ಚಿಸಿ. ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಸಂಜೆಗಳಲ್ಲಿ ಗುಡುಗು ದೂರದಲ್ಲಿ ಕೇಳಿದಾಗಲೇ ಎಂಸಿಬಿ ಇಳಿಸಿ, ಪ್ಲಗ್ ಇದ್ದರೆ ಕಳಚಿ. ಸಿಡಿಲು ತಲೆಯ ಮೇಲೆ ಬಂದಾಗ ಬೋರ್ಡಿನ ಹತ್ತಿರ ಹೋಗಬೇಡಿ.

ಮತ್ತೆ ವರ್ಗವಾಗಿ ಹೊರಟಾಗ ಎಸಿಯನ್ನು ಹಾಗೆಯೇ ಕಿತ್ತರೆ ಗ್ಯಾಸ್ ಎಲ್ಲ ಗಾಳಿಗೆ ಹೋಗುತ್ತದೆ. ಮೊದಲು ಪಂಪ್‌ಡೌನ್ ಮಾಡಿಸಿ, ಅಂದರೆ ಗ್ಯಾಸನ್ನು ಹೊರಗಿನ ಘಟಕದೊಳಗೆ ಎಳೆದು ವಾಲ್ವ್ ಮುಚ್ಚಿಸಿ. ಅದಕ್ಕೆ ಎಸಿ ಓಡುತ್ತಿರಬೇಕು, ಓಡಲು ಕರೆಂಟು ಬೇಕು. ಸಾಮಾನು ಕಟ್ಟುವ ಹಿಂದಿನ ದಿನವೇ ಮಾಡಿಸಿಡಿ. ಲಾರಿ ಬಂದು ಅಂಗಳದಲ್ಲಿ ನಿಂತ ಮೇಲೆ ಕರೆಂಟು ಹೋದರೆ ಲಾರಿಯವನು ಕಾಯುವುದಿಲ್ಲ.